‘ಸ್ವಲ್ಪ ಇರಿ’ ಎಂದವರಿಗೆ

ಕಳೆದ ವಾರಾಂತ್ಯ, ನನ್ನ 39ನೆಯ ವಯಸ್ಸಿನಲ್ಲಿ, ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ನಾನು ಜೀವನದ ಮೊದಲ ಕಾರ್ ರೇಸನ್ನು ಮುಗಿಸಿದೆ. ಹೊಸಬರಿಗೆಂದೇ ಇದ್ದ 6 ಸುತ್ತುಗಳ ಆ ಸ್ಪರ್ಧೆಯಲ್ಲಿ 14 ಕಾರುಗಳಿದ್ದವು. ನನ್ನದು 11ನೆಯ ಸ್ಥಾನ. ಸುದ್ದಿ ತಿಳಿದು ತುಮಕೂರಿನ ನಮ್ಮ ಬ್ಯಾಂಕ್ ಶಾಖೆಯ ಸಹೋದ್ಯೋಗಿಗಳು, ಬಂಧುಗಳು, ವರ್ಷಗಳಿಂದ ಸಂಪರ್ಕ ತಪ್ಪಿದ್ದ ಕಾಲೇಜು ಗೆಳತಿಯರು ಕೂಡ ಕರೆ ಮಾಡಿ ಅಭಿನಂದಿಸಿದ್ದಾರೆ. ಒಬ್ಬೊಬ್ಬರಿಗೂ ಬೇರೆಯಾಗಿ ಉತ್ತರಿಸಲಾಗದೆ ಈ ಬರಹದ ಮೂಲಕ ಎಲ್ಲರಿಗೂ ವಂದನೆ ಹೇಳುತ್ತಿದ್ದೇನೆ. ಆದರೆ ಬಹಳ ಮಂದಿ ‘ಅಷ್ಟು ವೇಗವಾಗಿ ಓಡಿಸಲು ಧೈರ್ಯ ಹೇಗೆ ಬಂತು’ ಎಂದು ಕೇಳುತ್ತಿರುವುದರಿಂದ ಒಂದು ಮಾತನ್ನು ಸ್ಪಷ್ಟಪಡಿಸಬೇಕಾಗಿದೆ: ಈ ರೇಸಿನ ದಾರಿಯಲ್ಲಿ ನನಗೆ ಉಪಕಾರ ಮಾಡಿದವರಲ್ಲಿ ಹೆಚ್ಚಿನವರು ನನ್ನನ್ನು ತಡೆದವರು, ಕಾಯಿಸಿದವರು, ಆಗದು ಎಂದವರು. ನನ್ನ ಋಣವೆಲ್ಲ ಅವರ ಕಡೆಗೇ ಇದೆ.

ಅವರಲ್ಲಿ ಮೊದಲಿಗರು ನನ್ನ ಅಪ್ಪ. ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸನ್ನು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಸಿ ಉಜಿರೆಯ ಕಡೆಗೆ ಒಯ್ಯುವ ಕೆಲಸವನ್ನು ವರ್ಷಗಟ್ಟಲೆ ಮಾಡಿ, ಅಪಘಾತವಿಲ್ಲದ ಚಾಲನೆಗಾಗಿ ಬೆಳ್ಳಿ ಪದಕ ಪಡೆದು ನಿವೃತ್ತರಾದವರು ಅವರು. ಮಳೆಗಾಲದ ಮಂಜಿನಲ್ಲಿ, ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಪ್ರಪಾತ ಇರುವ ತಿರುವುಗಳಲ್ಲಿ ಐವತ್ತು ಜನರನ್ನು ಹೊತ್ತು ಸಾಗಿದವರಿಗೆ, ಒಬ್ಬಳೇ ಕುಳಿತು ಸುತ್ತಿದಲ್ಲೇ ಸುತ್ತುವ ನನ್ನ ಹೊಸ ಹುಚ್ಚು ಅರ್ಥವಾಗಲಿಲ್ಲ. ಎಲ್ಲವನ್ನೂ ಸಮಾಧಾನದಿಂದ ಕೇಳಿ ಕೊನೆಗೆ, ‘ಎದುರಿಗೆ ಗಾಡಿ ಬರಲ್ವಾ ಮಗಾ?’ ಎಂದರು. ಬರುವುದಿಲ್ಲ, ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ ಎಂದೆ. ‘ಎದುರು ಗಾಡಿ ಬರ್ದೇ ಇರೋ ರಸ್ತೇಲಿ ಓಡ್ಸೋದು ಏನ್ ಮಹಾ’ ಎಂದು ಎದ್ದು ಹೋದರು. ಅಷ್ಟಾದರೂ ರಾತ್ರಿ ಊಟದ ಹೊತ್ತಿಗೆ, ಬ್ರೇಕು ತಿರುವಿಗೆ ಮೊದಲೇ ಮುಗಿದಿರಬೇಕು, ತಿರುವಿನೊಳಗೆ ಹಿಡಿಯಬಾರದು ಎಂದು ಯಾರಿಗೋ ಹೇಳುವಂತೆ ಹೇಳಿದರು. ಹೋದ ವರ್ಷ ಇದೇ ಟ್ರ್ಯಾಕಿನಲ್ಲಿ ಹಣ ಕಟ್ಟಿ ಸೇರಿದ್ದ 2 ದಿನಗಳ ತರಬೇತಿಯಲ್ಲಿ ಶಿಕ್ಷಕರು ಮೊದಲ ಗಂಟೆಯಲ್ಲಿ ಕಲಿಸಿದ್ದೂ ಅದನ್ನೇ.

ಆ ಶಿಕ್ಷಕರಿಗೂ ಇಲ್ಲಿ ನಮಸ್ಕರಿಸುತ್ತೇನೆ. ರೇಸಿಗೆ ಒಂದು ವಾರ ಮುಂಚೆ ಕರೆ ಮಾಡಿ, ಸುತ್ತಿನ ಸಮಯ ತೋರಿಸುವ ಸಾಧನವನ್ನು ಡ್ಯಾಶ್‌ಬೋರ್ಡಿನಿಂದ ಬಿಚ್ಚಿ ಮನೆಯಲ್ಲೇ ಇಟ್ಟು ಬರುವಂತೆ ಅವರು ಹೇಳಿದರು. ‘ಮೊದಲ ವಾರಾಂತ್ಯ ನೀವು ನೋಡಬೇಕಾದ್ದು ಗಡಿಯಾರವನ್ನಲ್ಲ, ಬಾವುಟಗಳನ್ನು’ ಎಂಬ ಅವರ ಮಾತಿಗೆ ಆಗ ನನಗೆ ಸ್ವಲ್ಪ ಮುನಿಸು ಬಂದಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ನನ್ನ ಕಾರು ಹಳೆಯ ಎಸ್ಟೀಮ್. ಮಾರುತಿ ಕಂಪನಿ ಅದರ ತಯಾರಿಕೆಯನ್ನು 2007ರಲ್ಲೇ ನಿಲ್ಲಿಸಿದ್ದರೂ, 1.3 ಲೀಟರಿನ ಎಂಜಿನ್, ಹಗುರವಾದ ಮೈ ಮತ್ತು ಸುಲಭಕ್ಕೆ ಸಿಗುವ ಬಿಡಿಭಾಗಗಳ ಕಾರಣಕ್ಕೆ ನಮ್ಮಂಥ ಹವ್ಯಾಸಿಗಳ ಕೈಯಲ್ಲಿ ಅದು ಇನ್ನೂ ಉಳಿದಿದೆ. ಬೆಂಗಳೂರಿನ ಮೆಕ್ಯಾನಿಕ್ ಒಬ್ಬರು ಅದರ ಸೀಟು, ಎಸಿ, ನೆಲಹಾಸುಗಳನ್ನೆಲ್ಲ ಕಿತ್ತು, ಕಾರು ಮಗುಚಿದರೆ ಚಾಲಕರನ್ನು ಕಾಯುವ ಉಕ್ಕಿನ ಕೊಳವೆಗಳ ರೋಲ್ ಕೇಜನ್ನು ಒಳಗೆ ಬೆಸೆದು, ಒಂದೇ ಸೀಟು ಕೂರಿಸಿ ಕೊಟ್ಟರು. ಇದಕ್ಕೆಲ್ಲ ಎಷ್ಟು ಖರ್ಚಾಯಿತು ಎಂದು ಬರೆಯುವುದಿಲ್ಲ. ನನ್ನ ಯಜಮಾನರೂ ಇದನ್ನು ಓದುತ್ತಾರೆ. ಗುರುವಾರ ರಾತ್ರಿ ಬೆಂಗಳೂರಿನಲ್ಲಿ ಕಾರನ್ನು ಲಾರಿಗೆ ಏರಿಸಿ, ಹೊಸೂರು, ಕೃಷ್ಣಗಿರಿ, ವೇಲೂರು ದಾಟಿ ಸುಮಾರು 300 ಕಿ.ಮೀ. ಸಾಗಿ, ಶುಕ್ರವಾರ ಬೆಳಗಿನ ಜಾವ ಶ್ರೀಪೆರುಂಬುದೂರಿನ ಬಳಿಯ ಆ ಗೇಟಿನ ಮುಂದೆ ನಿಂತೆವು. ಶ್ರೀರಾಮಾನುಜರು ಹುಟ್ಟಿದ ಊರು ಪಕ್ಕದಲ್ಲೇ ಇದೆ, ದೇವಸ್ಥಾನಕ್ಕೆ ಹೋಗಿ ಕೈಮುಗಿದು ಬಾ ಎಂದು ಅಮ್ಮ ಹೇಳಿದ್ದರು; ಹೋಗಲು ಹೊತ್ತು ಸಿಗಲಿಲ್ಲ ಎಂಬುದನ್ನು ಅವರಿಗೆ ಇನ್ನೂ ತಿಳಿಸಿಲ್ಲ.

ಶುಕ್ರವಾರ ಮಧ್ಯಾಹ್ನ ಸ್ಕ್ರೂಟಿನಿಯರಿಂಗ್ ಎಂಬ ತಪಾಸಣೆ ಇತ್ತು. ಕಾರು ಮತ್ತು ಚಾಲಕರ ಉಡುಪು ಎರಡನ್ನೂ ಪರೀಕ್ಷಿಸಿ ಚೀಟಿ ಅಂಟಿಸಿದ ಹೊರತು ಯಾರೂ ಟ್ರ್ಯಾಕಿಗೆ ಇಳಿಯುವಂತಿಲ್ಲ. ಸ್ಪರ್ಧಾ ಪರವಾನಗಿ, ವೈದ್ಯರ ಪ್ರಮಾಣಪತ್ರ, ರಕ್ತದ ಗುಂಪು ಎಲ್ಲವನ್ನೂ ನಮ್ಮ ಬ್ಯಾಂಕಿನ ಸಾಲದ ಕಡತದಂತೆ ಜೋಡಿಸಿಟ್ಟುಕೊಂಡಿದ್ದ ನನಗೆ ಅಲ್ಲಿ ತೊಂದರೆಯಾದೀತು ಎಂಬ ಅನುಮಾನವೇ ಇರಲಿಲ್ಲ. ಹಿರಿಯರಾದ ಅಧಿಕಾರಿಯೊಬ್ಬರು ಕಾರಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದು, ಬ್ಯಾಟರಿಯ ಟರ್ಮಿನಲ್ಲಿಗೆ ಮುಚ್ಚಳವಿಲ್ಲ ಎಂದರು. ಅದನ್ನು ಮೆಕ್ಯಾನಿಕ್ ಅಲ್ಲೇ ಸರಿಪಡಿಸಿದರು. ಬಳಿಕ ಅವರು ನನ್ನ ಹೊಚ್ಚ ಹೊಸ ಹೆಲ್ಮೆಟ್ಟನ್ನು ಕೈಗೆತ್ತಿಕೊಂಡು, ಒಳಗಿನ ಬಟ್ಟೆಯನ್ನು ಬೆರಳಿನಿಂದ ಸರಿಸಿ, ಅಲ್ಲಿದ್ದ ಚೀಟಿಯನ್ನು ಓದಿ, ‘ಇದು ಆಗುವುದಿಲ್ಲಮ್ಮ’ ಎಂದು ಹಿಂದಿರುಗಿಸಿದರು.

ಅದು ಹೆಲ್ಮೆಟ್ಟುಗಳನ್ನು ಪರೀಕ್ಷಿಸಿ ಪ್ರಮಾಣೀಕರಿಸುವ ಸ್ನೆಲ್ ಸಂಸ್ಥೆಯ ‘ಎಂ’ ಗುರುತಿನ ಹೆಲ್ಮೆಟ್, ಅಂದರೆ ಮೋಟಾರ್ ಸೈಕಲ್ ಸವಾರರಿಗೆಂದು ಮಾಡಿದ್ದು. ಕಾರ್ ರೇಸಿಗೆ ಬೇಕಾದ ‘ಎಸ್‌ಎ’ ಗುರುತಿನ ಹೆಲ್ಮೆಟ್ಟನ್ನು ಬೆಂಕಿಗೆ ಒಡ್ಡಿ ಪರೀಕ್ಷಿಸಿರುತ್ತಾರೆ. ರೋಲ್ ಕೇಜಿನ ಕೊಳವೆಗೆ ತಲೆ ಮತ್ತೆ ಮತ್ತೆ ಬಡಿದರೆ ಏನಾಗುತ್ತದೆ ಎಂಬುದನ್ನೂ ನೋಡಿರುತ್ತಾರೆ. ಬೈಕಿನಿಂದ ಬಿದ್ದವರು ಗಾಡಿಯಿಂದ ದೂರ ಹೋಗಿ ಬೀಳುತ್ತಾರೆ, ಕಾರಿನಲ್ಲಿರುವವರು ಬೆಲ್ಟಿಗೆ ಬಿಗಿದುಕೊಂಡು ಅದರೊಳಗೇ ಉಳಿಯುತ್ತಾರೆ, ವ್ಯತ್ಯಾಸ ಅಷ್ಟೇ ಎಂದು ಅವರು ವಿವರಿಸಿದರು. ಸಾವಿರಾರು ರೂಪಾಯಿ ಕೊಟ್ಟು ತಂದ ಹೆಲ್ಮೆಟ್ ಎಂಬ ಸಂಕಟದಲ್ಲಿ ನಾನು ಸ್ವಲ್ಪ ವಾದಿಸಿದೆ. ಅವರು ಬೇಸರಿಸದೆ ಕೇಳಿಸಿಕೊಂಡರು, ಚೀಟಿ ಮಾತ್ರ ಅಂಟಿಸಲಿಲ್ಲ. ಆ ನಿರಾಕರಣೆಗಾಗಿ ಅವರಿಗೆ ನನ್ನ ಕೃತಜ್ಞತೆ ಸಲ್ಲುತ್ತದೆ. ಅಂದು ಸಂಜೆ ಪ್ಯಾಡಾಕಿನಲ್ಲಿ, ಅಂದರೆ ತಂಡಗಳು ಬೀಡುಬಿಡುವ ಅಂಗಳದಲ್ಲಿ, ನನ್ನ ಪೇಚಾಟವನ್ನು ಕೇಳಿ, ಮತ್ತೊಂದು ವಿಭಾಗದಲ್ಲಿ ಓಡಿಸಲು ಬಂದಿದ್ದ ನನಗಿಂತ ಹದಿನೈದು ವರ್ಷ ಚಿಕ್ಕ ಹುಡುಗಿಯೊಬ್ಬಳು ತನ್ನ ಹೆಚ್ಚುವರಿ ಹೆಲ್ಮೆಟ್ ತಂದು, ‘ಅಕ್ಕ, ಸೈಜ್ ನೋಡಿ’ ಎಂದು ಕೊಟ್ಟಳು. ಅವಳಿಗೆ ನಾನು ಯಾರೆಂದೇ ತಿಳಿದಿರಲಿಲ್ಲ.

ಶನಿವಾರ ಬೆಳಗ್ಗೆ ಕ್ವಾಲಿಫೈಯಿಂಗ್, ಅಂದರೆ ರೇಸಿನಲ್ಲಿ ಯಾರು ಯಾವ ಸ್ಥಾನದಿಂದ ಹೊರಡಬೇಕೆಂದು ನಿರ್ಧರಿಸುವ ಓಟ. 1990ರಲ್ಲಿ ತೆರೆದ ಈ ಟ್ರ್ಯಾಕಿನ ಒಂದು ಸುತ್ತು ಸುಮಾರು 3.7 ಕಿ.ಮೀ. ಇದಕ್ಕೂ ಮೊದಲು ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ರೇಸುಗಳು ಎರಡನೆಯ ಮಹಾಯುದ್ಧದ ಕಾಲದ ಶೋಳಾವರಂ ವಿಮಾನ ಓಡುಹಾದಿಯ ಮೇಲೆ ನಡೆಯುತ್ತಿದ್ದವು. ಫಾರ್ಮುಲಾ ಒನ್ ತನಕ ಹೋದ ನಾರಾಯಣ್ ಕಾರ್ತಿಕೇಯನ್ ಮತ್ತು ಕರುಣ್ ಚಂಧೋಕ್ ಇಬ್ಬರೂ ಎಳವೆಯಲ್ಲಿ ಓಡಿಸಿದ ಟಾರು ಇದೇ ಎಂಬ ನೆನಪು ಕಾರು ಸಿದ್ಧಪಡಿಸುವ ಪಿಟ್‌ನಿಂದ ಹೊರಡುವಾಗ ನನ್ನ ತಲೆಯಲ್ಲಿತ್ತು, ಇರಬಾರದಿತ್ತು. ಮುಖ್ಯ ನೇರ ಹಾದಿಯ ಕೊನೆಗೆ ಸಿ1 ಎಂದು ಎಲ್ಲರೂ ಕರೆಯುವ ವೇಗದ ಬಲ ತಿರುವು ಇದೆ. ಮೂರನೆಯ ಸುತ್ತಿನಲ್ಲಿ ಅದರೊಳಗೆ ನುಗ್ಗಿದ ಮೇಲೆ ವೇಗ ಹೆಚ್ಚಾಯಿತು ಎಂಬ ಭಯ ಹುಟ್ಟಿ, ಮಾಡಬಾರದು ಎಂದು ನೂರು ಸಲ ಕೇಳಿದ್ದ ಕೆಲಸವನ್ನೇ ಮಾಡಿದೆ: ತಿರುವಿನ ನಡುವೆ ಆಕ್ಸಿಲರೇಟರಿನಿಂದ ಕಾಲೆತ್ತಿದೆ. ಹಾಗೆ ಮಾಡಿದಾಗ ಕಾರಿನ ಭಾರ ಒಮ್ಮೆಲೇ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರಗಳು ಹಗುರಾಗಿ ಹಿಡಿತ ಬಿಡುತ್ತವೆ, ಮುಂದಿನ ಚಕ್ರಗಳು ತಿರುಗುತ್ತಲೇ ಇರುವುದರಿಂದ ಬಾಲ ಹೊರಕ್ಕೆ ಬೀಸುತ್ತದೆ. ಇದೆಲ್ಲ ಪುಸ್ತಕದ ಮಾತು; ನನಗೆ ಕಂಡದ್ದು ಆಕಾಶ, ಹುಲ್ಲು, ಗೋಡೆ, ಮತ್ತೆ ಹುಲ್ಲು. ಕ್ಲಚ್ ಒತ್ತುವುದನ್ನು ಮರೆತಿದ್ದರಿಂದ ಎಂಜಿನ್ ನಿಂತುಹೋಗಿತ್ತು. ದೂಳು ಇಳಿದಾಗ ಕಾರು ಹುಲ್ಲಿನ ಅಂಚಿನಲ್ಲಿ, ಬಂದ ದಾರಿಗೇ ಮುಖ ಮಾಡಿ ನಿಂತಿತ್ತು. ಎದುರಿಗೆ ಗಾಡಿ ಬರುವುದಿಲ್ಲವೇ ಎಂದು ಅಪ್ಪ ಕೇಳಿದ್ದ ಪ್ರಶ್ನೆಗೆ ಸರಿಯಾದ ಉತ್ತರ ಆಗ ಸಿಕ್ಕಿತು. ಬರುತ್ತವೆ.

ನನಗಿದ್ದುದು ಒಂದೇ ಆತುರ, ಎಂಜಿನ್ ಚಾಲೂ ಮಾಡಿ ಕೂಡಲೇ ತಿರುಗಿಸಿ ಓಡಬೇಕು ಎಂದು. ಕೀಲಿಗೆ ಕೈ ಹಾಕುವಷ್ಟರಲ್ಲಿ ತಡೆಗೋಡೆಯ ಹಿಂದೆ ಒಬ್ಬರು ಮುಂದೆ ಅಪಾಯವಿದೆ ಎಂದು ಸೂಚಿಸುವ ಹಳದಿ ಬಾವುಟ ಬೀಸುತ್ತಿರುವುದೂ, ಇನ್ನೊಬ್ಬ ಮಾರ್ಷಲ್ (ಟ್ರ್ಯಾಕಿನ ಬದಿ ನಿಂತು ಸುರಕ್ಷತೆ ನೋಡಿಕೊಳ್ಳುವವರು) ಎರಡೂ ಅಂಗೈಗಳನ್ನು ನನ್ನತ್ತ ಚಾಚಿ ‘ಇರುಂಗ! ಇರುಂಗ!’ ಎಂದು ಕೂಗುತ್ತಿರುವುದೂ ಕಂಡಿತು. ತಮಿಳಿನ ‘ಇರುಂಗ’ ನಮ್ಮ ‘ಇರಿ’ಯ ಒಡಹುಟ್ಟು, ಅರ್ಥಮಾಡಿಕೊಳ್ಳಲು ಭಾಷಾಂತರ ಬೇಕಾಗಲಿಲ್ಲ. ಆ ಊರಿನ ಹೆಸರೇ ‘ಇರುಂಗ’ ಎಂದು ಆರಂಭವಾಗುತ್ತದೆ ಎಂಬುದು ಹೊಳೆದದ್ದು ಮಾತ್ರ ರಾತ್ರಿ ಮಲಗಿದ ಮೇಲೆ. ಕೈಗಳನ್ನು ಸ್ಟಿಯರಿಂಗ್ ಮೇಲಿಟ್ಟು, ಬೆಲ್ಟು ಬಿಚ್ಚದೆ ಕುಳಿತೆ. 7 ಕಾರುಗಳು ಒಂದರ ಹಿಂದೊಂದು ನನ್ನ ಬಾಗಿಲನ್ನು ಹಾದುಹೋದವು. ಎಂಟನೆಯದು ಬರುವ ಮೊದಲು ಆ ಮಾರ್ಷಲ್ ನೇರ ಹಾದಿಯ ಕಡೆ ನೋಡಿ, ಕೈ ಬೀಸಿ, ಹೊರಡುವಂತೆ ಸೂಚಿಸಿದರು. ಅವರ ಮಾತನ್ನು ಮೀರಿ ತಿರುಗಿಸಿದ್ದರೆ ಆ ಏಳರಲ್ಲಿ ಯಾವುದಕ್ಕೆ ಅಡ್ಡವಾಗುತ್ತಿದ್ದೆನೋ ಎಂದು ನೆನೆದರೆ ಈಗಲೂ ಬೆನ್ನು ತಣ್ಣಗಾಗುತ್ತದೆ. ಈ ಮಾರ್ಷಲ್‌ಗಳಲ್ಲಿ ಬಹುಪಾಲು ಮಂದಿ ಸ್ವಯಂಸೇವಕರು. ವಾರವೆಲ್ಲ ಬೇರೆ ಉದ್ಯೋಗ ಮಾಡಿ, ರಜೆಯ ದಿನ ಚೆನ್ನೈನ ಬಿಸಿಲಿನಲ್ಲಿ ನಿಂತು ನಮ್ಮಂಥವರ ತಪ್ಪುಗಳನ್ನು ಕಾಯುತ್ತಾರೆ. ಅವರ ಹೆಸರು ಕೇಳಿಕೊಳ್ಳಲು ಕೂಡ ನನಗೆ ಅವಕಾಶ ಸಿಗಲಿಲ್ಲ.

ಮಧ್ಯಾಹ್ನದ ಮೊದಲ ರೇಸನ್ನು ನಾನು ಓಡಲೇ ಇಲ್ಲ. ಕಾರುಗಳು ಸಾಲಾಗಿ ನಿಂತು ಹೊರಡುವ ಗ್ರಿಡ್ಡಿಗೆ ಹೋಗುವಾಗ ಕ್ಲಚ್ ಕೇಬಲ್ ತುಂಡಾಗಿ, ನಾಲ್ವರು ಸೇರಿ ಕಾರನ್ನು ಪಿಟ್ಟಿಗೆ ತಳ್ಳಿದರು. ಮೆಕ್ಯಾನಿಕ್ ಅಣ್ಣನ ಪೆಟ್ಟಿಗೆಯಲ್ಲಿ ಕೇಬಲ್ ಒಂದನ್ನು ಬಿಟ್ಟು ಮಿಕ್ಕೆಲ್ಲವೂ ಇತ್ತು. ಆಗ ಪಕ್ಕದ ಪಿಟ್ಟಿನಲ್ಲಿದ್ದ, ನಮ್ಮದೇ ವಿಭಾಗದಲ್ಲಿ ಎಸ್ಟೀಮ್ ಓಡಿಸುತ್ತಿದ್ದ ಕೊಯಮತ್ತೂರಿನ ಸ್ಪರ್ಧಿಯೊಬ್ಬರು ತಮ್ಮ ಬಳಿಯಿದ್ದ ಒಂದೇ ಒಂದು ಹೆಚ್ಚುವರಿ ಕೇಬಲನ್ನು ತಂದುಕೊಟ್ಟರು. ನಿಮ್ಮದೇ ತುಂಡಾದರೆ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ, ‘ನಿಮ್ಮ ಕಾರಿನಿಂದ ಬಿಚ್ಚಿಕೊಳ್ಳುತ್ತೇನೆ’ ಎಂದು ನಕ್ಕರು. ಕೇಬಲ್ ಕೂರುವ ಬ್ರಾಕೆಟ್ಟೂ ಬಿರುಕು ಬಿಟ್ಟಿದ್ದರಿಂದ ಇನ್ನೊಂದು ತಂಡದವರು ವೆಲ್ಡಿಂಗ್ ಮಾಡಿಕೊಟ್ಟರು. ಸಂಜೆ ಸುರಿದ ಮಳೆಯ ಸದ್ದಿನ ನಡುವೆ ಮೆಕ್ಯಾನಿಕ್ ಅಣ್ಣ ಎಲ್ಲವನ್ನೂ ಜೋಡಿಸಿ ಮುಗಿಸಿದಾಗ ರಾತ್ರಿ ಹತ್ತು ದಾಟಿತ್ತು. ‘ಗೇರಿಗೆ ಅವಸರ ಮಾಡ್ಬೇಡಿ ಮೇಡಂ, ಅದೂ ಕಬ್ಬಿಣಾನೇ’ ಎಂದು ಅವರು ಹೇಳಿದ ಮಾತನ್ನು ಭಾನುವಾರ ಪಾಲಿಸಿದ್ದೇನೆ ಎಂದು ಇಲ್ಲಿ ಬರವಣಿಗೆಯಲ್ಲಿ ದಾಖಲಿಸುತ್ತಿದ್ದೇನೆ.

ಭಾನುವಾರದ ರೇಸಿನ ಬಗ್ಗೆ ಹೇಳುವುದು ಕಡಿಮೆ. ಕೆಂಪು ದೀಪಗಳು ಆರಿದವು, ನಾನು ತಡವಾಗಿ ಹೊರಟೆ, ಇಬ್ಬರು ನನ್ನನ್ನು ಹಿಂದಿಕ್ಕಿದರು. ಸಿ1ರಲ್ಲಿ ಪ್ರತಿ ಸುತ್ತೂ ಭಯವಾಯಿತು, ಪ್ರತಿ ಸುತ್ತೂ ಕಾಲು ಎತ್ತದೆ ಉಳಿಸಿಕೊಂಡೆ. ಕೊನೆಯ 4 ಸುತ್ತು ನನ್ನ ಮುಂದಿದ್ದುದು ಕೇಬಲ್ ಕೊಟ್ಟ ಮಹನೀಯರ ಕಾರೇ. ಅವರ ಹಿಂದಿನ ಬಂಪರಿನ ಒಂದೊಂದು ಗೀರೂ ನನಗೆ ಬಾಯಿಪಾಠವಾಯಿತು, ದಾಟಲು ಮಾತ್ರ ಆಗಲಿಲ್ಲ. ಮುಗಿದ ಮೇಲೆ ನಿಧಾನವಾಗಿ ಹಿಂದಿರುಗುವ ಸುತ್ತಿನಲ್ಲಿ ಮಾರ್ಷಲ್‌ಗಳು ಬಾವುಟ ಬೀಸುತ್ತಾರೆ, ಚಾಲಕರು ಕೈಯೆತ್ತಿ ವಂದಿಸುತ್ತಾರೆ. ಸಿ1ರ ಬಳಿ ನಾನು ಎರಡು ಅಂಗೈಗಳನ್ನೂ ಗಾಜಿನತ್ತ ಚಾಚಿ ತೋರಿಸಿದೆ. ನನ್ನನ್ನು ತಡೆದಿದ್ದ ಮಾರ್ಷಲ್ ಗುರುತು ಹಿಡಿದು, ಅದೇ ಭಂಗಿಯಲ್ಲಿ ತಮ್ಮ ಅಂಗೈಗಳನ್ನು ತೋರಿಸಿದರು. ಒಂದು ಗಳಿಗೆ ನಾನು ಸ್ಟಿಯರಿಂಗ್ ಬಿಟ್ಟಿದ್ದೆ ಎಂಬುದನ್ನು ಅಪ್ಪನಿಗೆ ಯಾರೂ ಹೇಳಬಾರದೆಂದು ವಿನಂತಿ.

ಹೆಲ್ಮೆಟ್ಟನ್ನು ಒಳಬಟ್ಟೆ ಒಗೆದು ಒಣಗಿಸಿ ಆ ಹುಡುಗಿಗೆ ಕಳುಹಿಸಿದ್ದೇನೆ. ಕ್ಲಚ್ ಕೇಬಲನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೂರು ಅಂಗಡಿ ಅಲೆದು ಕೊಂಡಿದ್ದೇನೆ. ಕೊರಿಯರ್ ಮಾಡಲು ವಿಳಾಸ ಕೇಳಿದರೆ ಕೊಯಮತ್ತೂರಿನವರು ಕೊಡಲಿಲ್ಲ. ಮುಂದಿನ ರೌಂಡಿಗೆ ಬರುವಾಗ ಕೈಯಲ್ಲೇ ತನ್ನಿ ಎಂದಿದ್ದಾರೆ.