ಈಜು ಬಾರದವರನ್ನು ಹುರಿ ಕಟ್ಟಿದ ಜಾಕೆಟ್‌ನಲ್ಲಿ ಕಾಳಿ ನದಿಗೆ ಇಳಿಸಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಸಾಹಸ ಪ್ರವಾಸ ವಿಭಾಗ,
ಚಿಕ್ಕಬಳ್ಳಾಪುರ

ಮಾನ್ಯರೇ,

ವಿಷಯ: ಗಣೇಶಗುಡಿ ಕಯಾಕ್ ಪ್ರವಾಸದಲ್ಲಿನ ಸೇವಾ ನ್ಯೂನತೆ ಮತ್ತು ಹಣ ಮರುಪಾವತಿ

ಕಳೆದ ತಿಂಗಳು ನಾನು, ನನ್ನ ತಮ್ಮ ಮತ್ತು ಒಂಬತ್ತನೇ ತರಗತಿಯಲ್ಲಿ ಓದುವ ಅವನ ಮಗಳು ಕಾಳಿ ನದಿಯಲ್ಲಿ ಕಯಾಕ್ ಎಂಬ ಸಣ್ಣ ದೋಣಿ ನಡೆಸಲು ನಿಮ್ಮ ಸಂಸ್ಥೆಯ ಮೂಲಕ ಉತ್ತರ ಕನ್ನಡದ ಗಣೇಶಗುಡಿಗೆ ಹೋಗಿದ್ದೆವು. ಬಸ್ಸು, ಊಟ, ವಸತಿಯ ಬಗ್ಗೆ ತಕರಾರಿಲ್ಲ. ತಣ್ಣನೆಯ ಚಪಾತಿಯಿಂದ ಯಾರೂ ಸಾಯುವುದಿಲ್ಲ. ನನ್ನ ದೂರು ನದಿಯಲ್ಲಿ ನಡೆದದ್ದರ ಕುರಿತು ಮಾತ್ರ.

ನಿಮ್ಮ ಕರಪತ್ರದಲ್ಲಿ ದಪ್ಪ ಅಕ್ಷರಗಳಲ್ಲಿ “ಈಜು ಬಾರದವರಿಗೂ ಸಂಪೂರ್ಣ ಸುರಕ್ಷಿತ” ಎಂದಿದೆ. ನಾವು ಹಣ ಕಟ್ಟಿದ್ದು ಆ ಸಾಲನ್ನು ನಂಬಿ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ನಮ್ಮ ನಂದಿ ಬೆಟ್ಟಸಾಲಿನಲ್ಲೇ ಹುಟ್ಟುತ್ತವೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಅವುಗಳಲ್ಲಿ ಈಜುವಷ್ಟು ನೀರು ಕಂಡವರು ನಮ್ಮಲ್ಲಿ ಎಷ್ಟು ಜನ? ಇದೇ ಊರಿನಲ್ಲಿ ವ್ಯಾಪಾರ ಮಾಡುವ ನಿಮಗೆ ಇದು ಗೊತ್ತಿಲ್ಲದ ಸಂಗತಿಯಲ್ಲ.

ಹುಡುಗಿಗೆ ಕೊಟ್ಟ ಲೈಫ್ ಜಾಕೆಟ್ ದೊಡ್ಡವರ ಅಳತೆಯದು. ಮುರಿದ ಬಕಲ್‌ನ ಜಾಗದಲ್ಲಿ ಸಣಬಿನ ಹುರಿ ಕಟ್ಟಿತ್ತು. ಜಾಕೆಟ್ ತೊಡಿಸಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲಕ್ಕೆಳೆದು ನೋಡಬೇಕು. ಅದು ಕಿವಿಯವರೆಗೆ ಬಂದರೆ ನೀರಿನಲ್ಲಿ ಜಾಕೆಟ್ ಮಾತ್ರ ತೇಲುತ್ತದೆ, ತೊಟ್ಟವರು ಕೆಳಗೆ ಜಾರುತ್ತಾರೆ. ಬೇರೆ ಜಾಕೆಟ್ ಕೇಳಿದ್ದಕ್ಕೆ ನಿಮ್ಮ ಮಾರ್ಗದರ್ಶಕ, “ನೀರು ಸೊಂಟದಷ್ಟೇ ಇದೆ” ಎಂದ.

ಆ ಹೊತ್ತಿಗೆ ಅಷ್ಟೇ ಇತ್ತು, ನಿಜ. ಆದರೆ ಅಲ್ಲಿ ಕಾಳಿಯ ಹರಿವು ಮಳೆಯೊಂದನ್ನೇ ನೆಚ್ಚಿಕೊಂಡಿಲ್ಲ. ಮೇಲಿರುವ ಸೂಪಾ ಅಣೆಕಟ್ಟಿನ ಬುಡದಲ್ಲಿ ವಿದ್ಯುದಾಗಾರವಿದೆ. ಅಲ್ಲಿ ಯಂತ್ರ ತಿರುಗಿದರೆ ನೀರು ಏರುತ್ತದೆ, ನಿಂತರೆ ಬಂಡೆಗಳು ಕಾಣುತ್ತವೆ. ಅಂದು ನೀರು ಯಾವಾಗ ಬಿಡುತ್ತಾರೆ ಎಂದು ವಿಚಾರಿಸಿಕೊಂಡೇ ದೋಣಿ ಇಳಿಸಬೇಕಿತ್ತು. ನಿಮ್ಮವರು ಯಾರನ್ನೂ ಕೇಳಿರಲಿಲ್ಲ. ನಾವು ಅರ್ಧ ದಾರಿಯಲ್ಲಿದ್ದಾಗ ನೀರು ಏರಿತು.

ಇದರ ಜೊತೆಗೆ, ತಮ್ಮ ಮತ್ತು ಮಗಳಿದ್ದ ಗಾಳಿ ತುಂಬಿದ ಕಯಾಕ್‌ಗೆ ಎರಡೂ ತುದಿಯಲ್ಲಿ ಅಲಗಿರುವ ಹುಟ್ಟಿನ ಬದಲು ಕ್ಯಾನೋ ಎಂಬ ಬೇರೆ ಬಗೆಯ ದೋಣಿಯ ಒಂದಲಗಿನ ಹುಟ್ಟು ಕೊಟ್ಟಿದ್ದೀರಿ. ಒಂದೇ ಬದಿಯಲ್ಲಿ ಎಳೆದರೆ ದೋಣಿ ಮತ್ತೊಂದು ಬದಿಗೆ ತಿರುಗುತ್ತದೆ. ಪಳಗಿದವರು ಪ್ರತಿ ಎಳೆತದ ಕೊನೆಯಲ್ಲಿ ಅಲಗನ್ನು ಹೊರಕ್ಕೆ ಹೊರಳಿಸಿ ಅದನ್ನು ಸರಿಪಡಿಸುತ್ತಾರೆ. ಹೊಸಬರಿಗೆ ದಡದಲ್ಲಿ ಐದು ನಿಮಿಷ ತೋರಿಸಿಕೊಡಲೂ ನಿಮ್ಮವರಿಗೆ ಬಿಡುವಿರಲಿಲ್ಲ. ದೋಣಿ ಗಾಣದೆತ್ತಿನಂತೆ ಸುತ್ತುತ್ತಾ ದಡದ ಬಾಗಿದ ಮರಕ್ಕೆ ಸಿಕ್ಕಿ ಮಗುಚಿತು. ನೀರಿಗೆ ಚಾಚಿದ ಕೊಂಬೆಗಳು ಬಂಡೆಗಿಂತ ಅಪಾಯ: ನೀರು ಅವುಗಳ ನಡುವೆ ನುಗ್ಗಿಹೋಗುತ್ತದೆ, ಮನುಷ್ಯ ಸಿಕ್ಕಿಬೀಳುತ್ತಾನೆ. ಹುಡುಗಿಯ ಜಾಕೆಟ್ ಮುಖದ ಮೇಲೇರಿತ್ತು. ಮಾರ್ಗದರ್ಶಕ ಬಹಳ ಮುಂದೆ ಹೋಗಿದ್ದ. ಎಸೆಯುವ ಹಗ್ಗವೂ ಅವನ ಬಳಿ ಇರಲಿಲ್ಲ. ಅವಳನ್ನು ಎಳೆದುಕೊಂಡವರು ಬೇರೊಂದು ತಂಡದ ರ‍್ಯಾಫ್ಟ್‌ನ ಅಂಬಿಗರು. ಅವರಿಗೆ ನೀವು ಇಂದಿಗೂ ಒಂದು ಧನ್ಯವಾದ ಹೇಳಿಲ್ಲವೆಂದು ಕೇಳಿ ಬೇಸರವಾಯಿತು.

ಫೋನಿನಲ್ಲಿ ನಿಮ್ಮ ಕಚೇರಿ ಕೊಟ್ಟ ಉತ್ತರ: “ಸಾಹಸವೆಂದರೆ ಸ್ವಲ್ಪ ನೆನೆಯಲೇಬೇಕು, ಅಲ್ಲದೆ ಸ್ವಂತ ಜವಾಬ್ದಾರಿ ಎಂದು ಸಹಿ ಮಾಡಿದ್ದೀರಿ.” ನದಿಯ ಸೆಳೆತದ ಜವಾಬ್ದಾರಿ ನನ್ನದಿರಬಹುದು. ಮುರಿದ ಬಕಲ್‌ನ ಜವಾಬ್ದಾರಿಗೆ ನಾನು ಸಹಿ ಹಾಕಿಲ್ಲ.

ಮೂವರ ಪೂರ್ತಿ ಹಣ ಹಿಂದಿರುಗಿಸಿ. ಜಾಕೆಟ್‌ಗಳನ್ನು ಬದಲಿಸಿದ್ದೀರಾ, ನೀರು ಬಿಡುವ ಸಮಯವನ್ನು ಇನ್ನು ಮುಂದೆ ಯಾರು ವಿಚಾರಿಸುತ್ತಾರೆ ಎಂಬುದನ್ನು ಬರಹದಲ್ಲಿ ತಿಳಿಸಿ. ಅಲ್ಲಿಯವರೆಗೆ ಕರಪತ್ರದ ಆ ಸಾಲನ್ನು ತೆಗೆಯಿರಿ. 15 ದಿನಗಳೊಳಗೆ ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. ವ್ಯಾಜ್ಯಕ್ಕೆ ಬೆಂಗಳೂರಿಗೇ ಬರಬೇಕೆಂದು ರಸೀದಿಯ ಹಿಂದೆ ಅಚ್ಚು ಹಾಕಿಸಿದ್ದೀರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು.

ಇಂತಿ,
ನಿಮ್ಮ ಗ್ರಾಹಕ,
ಚಿಕ್ಕಬಳ್ಳಾಪುರ

ಲಗತ್ತು: ರಸೀದಿಯ ಪ್ರತಿ, ಕರಪತ್ರ, ಹುರಿ ಕಟ್ಟಿದ ಜಾಕೆಟ್‌ನ ಛಾಯಾಚಿತ್ರ