ವಂಶವೃಕ್ಷದಲ್ಲಿ ಸಾವಿನ ಕಾರಣವನ್ನೂ ಬರೆದಿಡಿ

ಮಾನ್ಯ ಸಂಪಾದಕರೇ,

ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆಂದು ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿದ್ದೆ. ಮೇಲೆ ಅಜ್ಜನ ಹೆಸರು, ಕೆಳಗೆ ಅವರ ಮಕ್ಕಳು, ಅದರ ಕೆಳಗೆ ನಾವು. ಹೋದವರ ಮುಂದೆ ‘ಮೃತ’ ಎಂದಿದೆ, ಅಷ್ಟೇ. ಜಮೀನಿಗೆ ಅದು ಸಾಕಾಯಿತು. ನಾಲ್ಕು ವರ್ಷದ ಹಿಂದೆ ತಂಗಿಯ ಮಗಳಿಗೆ ಕಾಯಿಲೆ ಬಂದಾಗ ಅದೇ ಹಾಳೆ ಹಿಡಿದು ಊರೂರು ತಿರುಗಬೇಕಾಯಿತು.

ಹುಡುಗಿಗೆ ಆಗ ಇಪ್ಪತ್ತಮೂರು. ಆಲೂರಿನಿಂದ ಹಾಸನಕ್ಕೆ ದಿನಾ ಬಸ್ಸಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ಬೆಳಿಗ್ಗೆ ಬಸ್‌ ನಿಲ್ದಾಣದಲ್ಲೇ ಫಿಟ್ಸ್ ಬಂದು ಬಿದ್ದಳು. ಯಾರೋ ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟರಂತೆ. (ದಯವಿಟ್ಟು ಹಾಗೆ ಮಾಡಬೇಡಿ. ಪಕ್ಕಕ್ಕೆ ಮಲಗಿಸಿ, ತಲೆಗೆ ಏಟಾಗದ ಹಾಗೆ ನೋಡಿಕೊಳ್ಳಿ, ಬಾಯಿಗೆ ಏನೂ ಹಾಕಬೇಡಿ.) ಒಂದು ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿ, ಎಲ್ಲ ಸರಿಯಾಗಿದೆ ಎಂದು ಮಾತ್ರೆ ಬರೆದು ಕಳಿಸಿದರು. ಎರಡು ವರ್ಷ ಅದನ್ನೇ ನುಂಗಿದಳು. ಮನೆಯವರೂ ಸುಮ್ಮನಿದ್ದೆವು. ಮದುವೆಯ ವಯಸ್ಸಿನ ಹುಡುಗಿ, ನಾಲ್ಕು ಜನಕ್ಕೆ ಗೊತ್ತಾಗುವುದು ಬೇಡ ಎಂದು.

ಆಮೇಲೆ ಒಂದು ದಿನ ಎಡಗೈ ಸೋತುಹೋಯಿತು. ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂ.ಆರ್.ಐ. ಮಾಡಿಸಿದೆವು. ಡಾಕ್ಟರು ಪರದೆಯ ಮೇಲೆ ತೋರಿಸಿದರು. ಮೆದುಳಿನೊಳಗೆ ಅಲ್ಲಲ್ಲಿ ಹಿಪ್ಪುನೇರಳೆ ಹಣ್ಣಿನಂಥ ಕಪ್ಪು ಗೊಂಚಲು. ಒಂದಲ್ಲ, ಒಂಬತ್ತು. ಅದಕ್ಕೆ ಕ್ಯಾವರ್ನಸ್ ಮಾಲ್ಫಾರ್ಮೇಶನ್ ಅನ್ನುತ್ತಾರೆ. ಸಣ್ಣ ರಕ್ತನಾಳಗಳು ಗೋಡೆ ತೆಳುವಾಗಿ, ಉಬ್ಬಿ, ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಆಗಾಗ ರಕ್ತ ಜಿನುಗುತ್ತದೆ. ಸಣ್ಣವು ಸಿ.ಟಿ.ಯಲ್ಲಿ ಕಾಣದೇ ಹೋಗಬಹುದು. ಹೆಚ್ಚುಕಡಿಮೆ ಇನ್ನೂರು ಜನರಲ್ಲಿ ಒಬ್ಬರಿಗೆ ಇದು ಇರುತ್ತದಂತೆ. ಬಹಳ ಜನಕ್ಕೆ ಒಂದೇ ಇರುತ್ತದೆ, ತೊಂದರೆಯನ್ನೇ ಕೊಡುವುದಿಲ್ಲ, ಮಕ್ಕಳಿಗೂ ಹೋಗುವುದಿಲ್ಲ. ಹೀಗೆ ಹಲವು ಇದ್ದರೆ ಮಾತ್ರ ಮನೆತನದಲ್ಲಿ ಹರಿದು ಬಂದಿರಬಹುದು ಎಂದು ಅನುಮಾನ ಪಡಬೇಕು.

‘ಮನೆಯಲ್ಲಿ ಯಾರಿಗಾದರೂ ಫಿಟ್ಸ್, ಲಕ್ವ, ಚಿಕ್ಕ ವಯಸ್ಸಿನಲ್ಲಿ ಸಾವು?’ ಎಂದು ಡಾಕ್ಟರು ಕೇಳಿದರು. ‘ಇಲ್ಲ ಸಾರ್’ ಎಂದೆವು. ಎಲ್ಲರೂ ಒಟ್ಟಿಗೆ ಹೇಳಿದೆವು.

ಹೇಳಿದ್ದು ಸುಳ್ಳು ಎಂದು ವಾಪಸು ಬರುವ ದಾರಿಯಲ್ಲಿ, ಚನ್ನರಾಯಪಟ್ಟಣ ದಾಟುವಾಗ ನೆನಪಾಯಿತು. ಅಪ್ಪನ ಅಕ್ಕ ಒಬ್ಬರಿದ್ದರು. ‘ಕೆರೆಗೆ ಬಿದ್ದು ಸತ್ತಳು’ ಎಂದಷ್ಟೇ ನಮ್ಮ ಮನೆಯ ಮಾತು. ಯಾಕೆ ಬಿದ್ದರು ಎಂದು ಯಾರೂ ಬಾಯಿಬಿಟ್ಟಿರಲಿಲ್ಲ. ಬೇಲೂರಿನಲ್ಲಿರುವ ಚಿಕ್ಕತ್ತೆಗೆ ಎಂಬತ್ತಾರು ವರ್ಷ. ಅವರ ಕಾಲ ಬಳಿ ಕೂತು ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು ಹೇಳಿದರು: ‘ಅವಳಿಗೆ ಗಾಳಿ ಸೋಕ್ತಿತ್ತು ಕಣಪ್ಪ. ಬಟ್ಟೆ ಒಗೀತಾ ಒಗೀತಾ ಕೈಕಾಲು ಸೆಟೆದುಕೊಳ್ತು.’ ಅಂದರೆ ಫಿಟ್ಸ್! ಅರವತ್ತು ವರ್ಷಕ್ಕೂ ಜಾಸ್ತಿ ಆ ಹೆಣ್ಣುಮಗಳು ತಾನಾಗಿ ಕೆರೆಗೆ ಹಾರಿದಳು ಎಂಬ ಅಪವಾದ ಹೊತ್ತಿದ್ದಳು. ಅವತ್ತು ನನಗೆ ಊಟ ಸೇರಲಿಲ್ಲ.

ಅಪ್ಪ ಹೋಗಿದ್ದು ಲಕ್ವ ಹೊಡೆದು. ಬಿ.ಪಿ. ಇತ್ತು, ಅದಕ್ಕೇ ಎಂದುಕೊಂಡಿದ್ದೆವು. ಅಜ್ಜಿ ಯಾವಾಗಲೂ ತಲೆಗೆ ಬಟ್ಟೆ ಬಿಗಿದುಕೊಂಡೇ ಇರುತ್ತಿದ್ದರು. ಅವರ ತವರು ಕಡೂರು ತಾಲ್ಲೂಕಿನ ಯಗಟಿ ಕಡೆ. ಅಲ್ಲಿಗೆ ಹೋದಾಗ ಅಜ್ಜಿಯ ತಮ್ಮನ ಮೊಮ್ಮಗ ಸಿಕ್ಕಿದ. ಅವನ ಬೀರುವಿನಲ್ಲೂ ಅಂಥದ್ದೇ ಎಂ.ಆರ್.ಐ. ಫಿಲ್ಮ್ ಇತ್ತು. ಅಷ್ಟು ದಿನ ನಾವು ಅಜ್ಜನ ಕಡೆಯ ಹೆಸರನ್ನೇ ಹುಡುಕುತ್ತಿದ್ದೆವು, ಯಾಕೆಂದರೆ ಹಾಳೆಯಲ್ಲಿ ಇದ್ದದ್ದು ಅವರೇ. ಹೆಳವರು ಬಂದು ಹಾಡಿ ಹೇಳುತ್ತಿದ್ದದ್ದೂ ಗಂಡಸರ ಸಾಲನ್ನೇ ಅಲ್ವಾ? ಕಾಯಿಲೆಗೆ ಆ ಭೇದ ಇಲ್ಲ. ತಂದೆಯಿಂದಲೂ ಬರುತ್ತದೆ, ತಾಯಿಯಿಂದಲೂ ಬರುತ್ತದೆ, ಮಗನಿಗೂ ಮಗಳಿಗೂ ಸಮನಾಗಿ ಹೋಗುತ್ತದೆ.

ಸಂಬಂಧದಲ್ಲಿ ಮದುವೆಯಾಗಿದ್ದಕ್ಕೆ ಹೀಗಾಯಿತು ಎಂದು ಊರಲ್ಲಿ ಕೆಲವರು ಆಡಿಕೊಂಡರು. ತಂಗಿಯನ್ನು ಕೊಟ್ಟಿದ್ದು ಪೂರಾ ಹೊರಗಿನ ಮನೆಗೆ. ಇದಕ್ಕೆ ತಂದೆ ತಾಯಿ ಇಬ್ಬರಲ್ಲೂ ದೋಷ ಇರಬೇಕಿಲ್ಲ, ಒಬ್ಬರಿಂದ ಬಂದರೆ ಸಾಕು. ಹುಟ್ಟುವ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಕಾರಣವಾಗುವ ಮೂರು ಜೀನ್‌ಗಳು ಗೊತ್ತಾಗಿವೆ, ಮೊದಲನೆಯದು ಸಿಕ್ಕಿದ್ದು 1999ರಲ್ಲಿ. ಒಬ್ಬರಲ್ಲಿ ಜೀನ್‌ನ ಯಾವ ಜಾಗದಲ್ಲಿ ತಪ್ಪಿದೆ ಎಂದು ಗೊತ್ತಾದರೆ ಉಳಿದ ನೆಂಟರಿಗೆ ಅಷ್ಟನ್ನೇ ನೋಡಿದರೆ ಸಾಕು. ನನ್ನಲ್ಲಿ ಇಲ್ಲ ಎಂದು ಬಂತು. ಹಾಗಾಗಿ ನನ್ನಿಂದ ನನ್ನ ಮಕ್ಕಳಿಗೆ ಬರುವ ಮಾತೇ ಇಲ್ಲ. ತಮ್ಮನಲ್ಲಿ ಇದೆ. ಅವನಿಗೆ ಐವತ್ತೆಂಟು, ಒಂದು ದಿನ ತಲೆನೋವು ಅಂದವನಲ್ಲ. ಹೀಗೆ ಏನೂ ಆಗದವರ ಮೂಲಕವೂ ಮುಂದಿನವರಿಗೆ ಹೋಗುವುದರಿಂದ ಒಂದು ತಲೆಮಾರು ಬಿಟ್ಟು ಬಂದಂತೆ ಕಾಣುತ್ತದೆ.

ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಇದೇ ಕಾಯಿಲೆ ಜಾಸ್ತಿ ಎಂದು ಆಮೇಲೆ ಓದಿದೆ. ನೂರಾರು ವರ್ಷದ ಹಿಂದೆ ಸ್ಪೇನ್ ಆಳ್ವಿಕೆಯ ಕಾಲದಲ್ಲಿ ಅಲ್ಲಿ ಬಂದು ನೆಲೆಸಿದವರ ವಂಶದಲ್ಲಿ ಒಂದೇ ತಪ್ಪು ಇವತ್ತಿಗೂ ಹರಿದು ಬರುತ್ತಿದೆ. ಅಲ್ಲಿನವರು ತಮ್ಮ ವಂಶಾವಳಿ ಹಿಡಿದು ಹಿಂದಕ್ಕೆ ಹೋಗಿ, ಬಾಕಾ ಎಂಬ ಹಳೆಯ ಮನೆತನದವರೆಗೆ ಎಳೆ ಜೋಡಿಸಿದ್ದಾರೆ. ನಮಗೆ ಮುತ್ತಜ್ಜಿಯ ಹೆಸರೇ ಗೊತ್ತಿಲ್ಲ.

2025ರ ಮೇ, ಜೂನ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ದಿನಾ ಬರುತ್ತಿತ್ತು. ಜನ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ಕಡೆ ಯಾರು ದಿಢೀರ್ ಎಂದು ಹೋದರೂ ‘ಹಾರ್ಟ್ ಅಟ್ಯಾಕ್’ ಎಂದು ಹೇಳಿ ಮಣ್ಣು ಮಾಡಿ ಬರುತ್ತೇವೆ. ಹಿಂದೆ ‘ಗಾಳಿ’ ಎನ್ನುತ್ತಿದ್ದೆವು.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಈ ವಾರವೇ ಅವರ ಹತ್ತಿರ ಕೂತು ಬರೆದುಕೊಳ್ಳಿ. ಯಾರು, ಎಷ್ಟು ವಯಸ್ಸಿಗೆ, ಹೇಗೆ ಹೋದರು. ‘ಗಾಳಿ’ ಎಂದರೆ ಗಾಳಿ ಎಂದೇ ಬರೆಯಿರಿ, ತಿದ್ದಬೇಡಿ, ಡಾಕ್ಟರು ಅರ್ಥ ಮಾಡಿಕೊಳ್ಳುತ್ತಾರೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನೂ ಅವರ ಮಕ್ಕಳನ್ನೂ ಬಿಡಬೇಡಿ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ತೆರೆದಿದೆ. ಅಲ್ಲಿಗೆ ಹೋಗುವಾಗ ಆ ಹಾಳೆ ಕೈಯಲ್ಲಿರಲಿ.

ಹುಡುಗಿ ಈಗ ಕೆಲಸಕ್ಕೆ ಹೋಗುತ್ತಿದ್ದಾಳೆ. ಆಪರೇಶನ್ ಬೇಡ, ಕಾಲಕಾಲಕ್ಕೆ ಸ್ಕ್ಯಾನ್ ಮಾಡಿ ನೋಡೋಣ ಎಂದಿದ್ದಾರೆ. ಇದನ್ನು ಬರೆಯಿರಿ ಎಂದವಳೂ ಅವಳೇ.

ಒಂದು ಮಾತು ಉಳಿದಿದೆ. ಅಜ್ಜಿಗೆ ಇಬ್ಬರು ಅಕ್ಕಂದಿರಿದ್ದರು. ಸುಮಾರು ತೊಂಬತ್ತು ವರ್ಷದ ಹಿಂದೆ ಒಬ್ಬರನ್ನು ಬೀರೂರು ಕಡೆಗೆ, ಇನ್ನೊಬ್ಬರನ್ನು ತರೀಕೆರೆ ಕಡೆಗೆ ಕೊಟ್ಟರಂತೆ. ಅವರ ಮಕ್ಕಳು ಮೊಮ್ಮಕ್ಕಳು ಎಲ್ಲಿದ್ದಾರೋ ನಮಗೆ ತಿಳಿಯದು. ಆ ಕಡೆಯವರು ಇದನ್ನು ಓದುತ್ತಿದ್ದರೆ, ನಿಮ್ಮ ಅಜ್ಜಿ ಯಗಟಿ ಕಡೆಯಿಂದ ಬಂದವರಾಗಿದ್ದರೆ, ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಇದ್ದರೆ, ದಯವಿಟ್ಟು ಈ ಪತ್ರವನ್ನು ಕತ್ತರಿಸಿ ನಿಮ್ಮ ಡಾಕ್ಟರಿಗೆ ತೋರಿಸಿ.

ಇಂತಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ,
ಆಲೂರು ತಾಲ್ಲೂಕು, ಹಾಸನ ಜಿಲ್ಲೆ