ಇಂಜೆಕ್ಷನ್‌ಗೂ ಮೊದಲು ಆಗಬೇಕಾದ ಪರೀಕ್ಷೆ

ಮಾನ್ಯ ಸಂಪಾದಕರೇ,

ಮಕ್ಕಳ ಕ್ಯಾನ್ಸರ್ ಬಗ್ಗೆ ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣೋದು ದುಬಾರಿ ಇಂಜೆಕ್ಷನ್‌ಗೆ ನೆರವು ಕೋರುವ ಸುದ್ದಿ. ಅದು ಬೇಕು, ಇಲ್ಲ ಅನ್ನುತ್ತಿಲ್ಲ. ಆದರೆ ಅದಕ್ಕೂ ಮೊದಲು ಆಗಬೇಕಾದ, ಗಡ್ಡೆಯ ಜೀನ್ ನೋಡುವ ಒಂದು ಪರೀಕ್ಷೆಯ ಬಗ್ಗೆ ಯಾರೂ ಮಾತಾಡುವುದಿಲ್ಲ.

ನನ್ನ ತಂಗಿಯ ಮಗಳಿಗೆ ಆಗ 14 ತಿಂಗಳು. ಆಗತಾನೇ ನಡೆಯಲು ಕಲಿತಿದ್ದವಳು ಒಂದೇ ವಾರದಲ್ಲಿ ಕಾಲೂರುವುದನ್ನೇ ಬಿಟ್ಟು, ಮತ್ತೆ ಎತ್ತಿಕೋ ಅಂತ ಕೈ ಚಾಚತೊಡಗಿದಳು. ಕಣ್ಣಿನ ಸುತ್ತ ಕಪ್ಪಾಯಿತು. ಎಲ್ಲೋ ಬಿದ್ದಿರಬೇಕು ಅಂದುಕೊಂಡೆವು, ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು, ಡಾಕ್ಟರು ಕ್ಯಾಲ್ಸಿಯಂ ಸಿರಪ್ ಬರೆದರು. ಕೊನೆಗೆ ಸ್ಕ್ಯಾನ್‌ನಲ್ಲಿ ಗಡ್ಡೆ ಕಂಡಿತು, ಕಿಡ್ನಿ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಯಲ್ಲಿ. ನ್ಯೂರೋಬ್ಲಾಸ್ಟೋಮಾ. ಎಳೆಯ ನರಕೋಶಗಳಿಂದ ಹುಟ್ಟುವ ಕ್ಯಾನ್ಸರ್. ಮೂಳೆಗೂ ಹರಡಿತ್ತು.

ವಿಚಿತ್ರ ಕಾಯಿಲೆ ಇದು. ಕೆಲವು ಹಸುಗೂಸುಗಳಲ್ಲಿ ತಾನಾಗಿಯೇ ಕರಗಿಹೋಗುತ್ತದೆ! ಜಪಾನಿನಲ್ಲಿ 1980ರ ದಶಕದಿಂದ ಆರು ತಿಂಗಳ ಕೂಸುಗಳ ಮೂತ್ರ ಪರೀಕ್ಷೆ ಮಾಡಿ ಇದನ್ನು ಹುಡುಕುತ್ತಿದ್ದರು. ಸಿಕ್ಕಿದ್ದರಲ್ಲಿ ಬಹಳಷ್ಟು ಸುಮ್ನೆ ಬಿಟ್ಟಿದ್ದರೂ ಹೋಗುವಂಥವು, ಸುಖಾಸುಮ್ಮನೆ ಕೂಸುಗಳಿಗೆ ಆಪರೇಷನ್ ಮಾಡಿದಂತಾಯಿತು ಅಂತ ಗೊತ್ತಾಗಿ 2004ರ ಹೊತ್ತಿಗೆ ನಿಲ್ಲಿಸಿದರು. ಇನ್ನು ಕೆಲವು ಮಕ್ಕಳಲ್ಲಿ ಏನು ಕೊಟ್ಟರೂ ಮರಳಿ ಬರುತ್ತದೆ. ಇದು ಯಾವ ಜಾತಿಯದು ಅಂತ ತಿಳಿಯಲು ಗಡ್ಡೆಯ ಜೀನ್ ನೋಡಬೇಕು. ಅದರಲ್ಲಿ ಮುಖ್ಯವಾದದ್ದು ಎನ್-ಮಿಕ್. ಒಂದು ಕೋಶದಲ್ಲಿ ಎರಡು ಪ್ರತಿ ಇರಬೇಕಾದ ಈ ಜೀನ್, ಕೆಟ್ಟ ಗಡ್ಡೆಗಳಲ್ಲಿ ಹತ್ತಾರು, ಕೆಲವೊಮ್ಮೆ ನೂರಾರು ಆಗಿರುತ್ತದೆ. 1980ರ ದಶಕದಿಂದಲೂ ಡಾಕ್ಟರುಗಳಿಗೆ ಗೊತ್ತಿರುವ ವಿಷಯ. ರೋಗ ಹರಡಿದ್ದರೂ 18 ತಿಂಗಳು ತುಂಬದ ಮಗುವಿಗೆ ಹಗುರ ಚಿಕಿತ್ಸೆ ಸಾಕೋ, ಕಠಿಣವಾದದ್ದೇ ಬೇಕೋ ಅಂತ ನಿರ್ಧರಿಸಲು ಇದು ಬೇಕೇ ಬೇಕು.

ನಮ್ಮ ರಿಪೋರ್ಟಿನಲ್ಲಿ ರೋಗದ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ. ಕೇಳಿದರೆ 'ನೀವು ಮೊದಲೇ ಹೇಳಬೇಕಿತ್ತು' ಅಂದರು. ನಮಗೇನು ಗೊತ್ತು? ಗಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿದ ಬಿಲ್ಲೆ, ಅಲ್ಲಿಯವರು ಬ್ಲಾಕ್ ಅನ್ನುತ್ತಾರೆ, ಅದನ್ನು ಸಹಿ ಹಾಕಿ ಬಿಡಿಸಿಕೊಂಡು, ಅಂಗಿ ಜೇಬಿನಲ್ಲಿಟ್ಟುಕೊಂಡು ರಾತ್ರಿ ಬಸ್ಸಿನಲ್ಲಿ ಇನ್ನೊಂದು ಲ್ಯಾಬ್‌ಗೆ ಹೊತ್ತವನು ನಾನೇ. ಕರಗೀತು ಅನ್ನೋ ಭಯಕ್ಕೆ ಇಡೀ ರಾತ್ರಿ ಕಿಟಕಿ ತೆಗೆದೇ ಕೂತಿದ್ದೆ. ಫಲಿತಾಂಶದ ಚಿತ್ರದಲ್ಲಿ ಜೀನಿನ ಒಂದೊಂದು ಪ್ರತಿಗೆ ಒಂದೊಂದು ಚುಕ್ಕಿ; ಎರಡು ಇರಬೇಕಾದ ಕಡೆ ರಾಗಿ ಚೆಲ್ಲಿದ ಹಾಗಿತ್ತು. ಅಂದರೆ ಕಠಿಣ ಚಿಕಿತ್ಸೆಯೇ ಬೇಕು.

ಆಮೇಲೆ ಬಂತು ಆಂಟಿಬಾಡಿ ಮಾತು. ಈ ಕ್ಯಾನ್ಸರ್ ಕೋಶಗಳ ಮೈಮೇಲೆ ಜಿಡಿ2 ಅನ್ನೋ ವಸ್ತು ಇರುತ್ತದೆ. ಡೈನುಟುಕ್ಸಿಮ್ಯಾಬ್ ಅನ್ನೋ ಆಂಟಿಬಾಡಿ ಔಷಧ ಅದಕ್ಕೆ ಅಂಟಿಕೊಂಡು, ಕೊಲ್ಲಬೇಕಾದ್ದು ಇದನ್ನೇ ಅಂತ ದೇಹದ ರಕ್ಷಣಾ ಕೋಶಗಳಿಗೆ ತೋರಿಸುತ್ತದೆ. ಅಮೆರಿಕದಲ್ಲಿ 226 ಮಕ್ಕಳ ಮೇಲೆ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಕಠಿಣ ಚಿಕಿತ್ಸೆ ಮುಗಿದ ಮೇಲೆ ಮೊಡವೆಗೆ ಕೊಡುವ ಮಾತ್ರೆಯನ್ನಷ್ಟೇ (ಹೌದು, ಅದೇ ಮಾತ್ರೆ) ಪಡೆದವರಲ್ಲಿ ಎರಡು ವರ್ಷ ರೋಗ ಮರುಕಳಿಸದೆ ಇದ್ದವರು ಶೇ 46, ಜೊತೆಗೆ ಆಂಟಿಬಾಡಿ ಮತ್ತು ರೋಗನಿರೋಧಕ ಶಕ್ತಿ ಕೆರಳಿಸುವ ಔಷಧ ಪಡೆದವರಲ್ಲಿ ಶೇ 66. ಆದರೆ ಜಿಡಿ2 ನೋವಿನ ನರಗಳ ಮೇಲೂ ಇರುವುದರಿಂದ ಡ್ರಿಪ್ ಹಾಕಿದಾಗ ಮಗು ನೋವಿನಿಂದ ಚೀರುತ್ತದೆ. ಪಕ್ಕದಲ್ಲೇ ಮಾರ್ಫಿನ್ ಪಂಪ್. ನನ್ನ ತಂಗಿ ಇವತ್ತಿಗೂ ಆ ಪಂಪಿನ ಬೀಪ್ ಶಬ್ದ ಕೇಳಿದರೆ ಎದ್ದು ಹೋಗುತ್ತಾಳೆ.

2023ರ ಜುಲೈನಲ್ಲಿ ಜಿಎಸ್‌ಟಿ ಮಂಡಳಿ, ಸ್ವಂತ ಬಳಕೆಗೆ ತರಿಸುವ ಈ ಔಷಧಕ್ಕೆ ತೆರಿಗೆ ಬಿಟ್ಟಿತು. ಒಳ್ಳೇದಾಯಿತು. ಆದರೂ ಉಳಿದ ಬೆಲೆಗೆ ತೋಟ ಅಡ ಇಡುವುದು ತಪ್ಪಲಿಲ್ಲ. ಇಂಥ ಔಷಧ ಯಾರಿಗೆ ಬೇಕು ಅಂತ ಹೇಳುವ ಪರೀಕ್ಷೆಗೆ ಆದ ಖರ್ಚು ಅದರ ಮುಂದೆ ಏನೂ ಅಲ್ಲ. ಹಾಗಿದ್ದ ಮೇಲೆ ಎನ್-ಮಿಕ್ ನೋಡದೆ ಇಂಥ ಮಗುವಿನ ರಿಪೋರ್ಟ್ ಕೈಗೆ ಕೊಡಬಾರದು ಅಂತ ಆರೋಗ್ಯ ಇಲಾಖೆ ನಿಯಮ ಮಾಡಬಾರದೇಕೆ? ಅಪ್ಪ ಅಮ್ಮ ಕೇಳಿದರೆ ಮಾತ್ರ ಮಾಡುವ ಪರೀಕ್ಷೆಯೇ ಇದು?

ಈಗ ಆಲ್ಕ್ ಅನ್ನೋ ಇನ್ನೊಂದು ಜೀನ್ ಇದೆ. ಈ ಕ್ಯಾನ್ಸರ್‌ನಲ್ಲಿ ಇದರ ದೋಷ ಇರುವುದು 2008ರಲ್ಲಿ ಪತ್ತೆಯಾಯಿತು, ಅದಕ್ಕೆ ಮಾತ್ರೆಗಳೂ ಬಂದಿವೆ. ರೋಗ ಮರಳಿದರೆ ಅದನ್ನೂ ನೋಡಬೇಕಾಗಬಹುದು ಅಂದಿದ್ದಾರೆ ಡಾಕ್ಟರು. ಅದಕ್ಕೇ ಆ ಮೇಣದ ಬಿಲ್ಲೆ ಇನ್ನೂ ನಮ್ಮ ಬೀರುವಿನಲ್ಲಿದೆ, ಮಗುವಿನ ಜಾತಕದ ಪಕ್ಕದಲ್ಲಿ.

– ಒಬ್ಬ ಸೋದರಮಾವ, ಹಾಸನ